ಗುಂಡು ಹಾರಿದ ಮೇಲೆ ಬಂದ ಕಾವಲು: ಅಮೆರಿಕದ ಅಧ್ಯಕ್ಷರ ಭದ್ರತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಟಿ.ವಿ.ಯಲ್ಲಿ ಅಮೆರಿಕದ ಅಧ್ಯಕ್ಷರು ಕಂಡಾಗಲೆಲ್ಲ ಅವರ ಸುತ್ತ ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ಸುರುಳಿ ವೈರು ಸಿಕ್ಕಿಸಿಕೊಂಡ ಮಂದಿಯೂ ಕಾಣುತ್ತಾರೆ. ಈ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಯಾರೋ ಒಬ್ಬರು ಕೂತು ಯೋಚಿಸಿ ಕಟ್ಟಿದ್ದೂ ಅಲ್ಲ. ಒಂದೊಂದು ಗುಂಡು ಹಾರಿದ ಮೇಲೆ ಒಂದೊಂದು ಕದ ಮುಚ್ಚುತ್ತ ಬಂದರು, ಅಷ್ಟೇ. ಯಾವ ಗುಂಡಿಗೆ ಯಾವ ಕದ ಮುಚ್ಚಿತು, ಯಾವುದು ಹಾಗೇ ತೆರೆದುಕೊಂಡಿತ್ತು ಎಂದು ನೋಡುತ್ತ ಹೋಗೋಣ.

ಇದುವರೆಗೆ ಎಷ್ಟು ಅಧ್ಯಕ್ಷರ ಹತ್ಯೆಯಾಗಿದೆ?

ನಾಲ್ವರದು. 1865ರಲ್ಲಿ ಅಬ್ರಹಾಂ ಲಿಂಕನ್, 1881ರಲ್ಲಿ ಜೇಮ್ಸ್ ಗಾರ್‌ಫೀಲ್ಡ್, 1901ರಲ್ಲಿ ವಿಲಿಯಂ ಮೆಕಿನ್ಲಿ, 1963ರಲ್ಲಿ ಜಾನ್ ಎಫ್. ಕೆನಡಿ. ನಾಲ್ವರೂ ಸತ್ತದ್ದು ಗುಂಡೇಟಿನಿಂದ. ಮೊದಲ ಮೂರು ಕೊಲೆಗಳು 36 ವರ್ಷಗಳೊಳಗೆ ನಡೆದುಹೋದವು ಎಂಬುದನ್ನು ನೆನಪಿಟ್ಟುಕೊಳ್ಳಿ. ಅಷ್ಟಾಗಿಯೂ ಅಲ್ಲಿನ ಸಂಸತ್ತು ಎಷ್ಟು ನಿಧಾನವಾಗಿ ಎದ್ದಿತು ಎಂಬುದು ಮುಂದೆ ಬರುತ್ತದೆ.

ಲಿಂಕನ್‌ಗೆ ಅಂಗರಕ್ಷಕರೇ ಇರಲಿಲ್ಲವೇ?

ಇದ್ದರು. ಅಂದು ಇರಬೇಕಾದವನು ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಕಾವಲೆಂದರೆ ಲಿಂಕನ್‌ಗೆ ಅಷ್ಟಕ್ಕಷ್ಟೇ. ಅದಕ್ಕೊಂದು ಹಿನ್ನೆಲೆ ಇತ್ತು. 1861ರ ಫೆಬ್ರುವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್‌ಗೆ ಹೊರಟಾಗ, ಬಾಲ್ಟಿಮೋರ್‌ನಲ್ಲಿ ಕೊಲೆಗೆ ಸಂಚು ನಡೆದಿದೆ ಎಂಬ ಸುದ್ದಿ ಪತ್ತೇದಾರ ಅಲನ್ ಪಿಂಕರ್ಟನ್‌ಗೆ ಸಿಕ್ಕಿತು. ಅವನ ಮಾತು ಕೇಳಿ ಲಿಂಕನ್ ಎಂದಿನ ಎತ್ತರದ ಟೋಪಿ ಬಿಟ್ಟು, ರಾತ್ರೋರಾತ್ರಿ ರೈಲಿನಲ್ಲಿ ಗುಟ್ಟಾಗಿ ಊರು ದಾಟಿದರು. ಜೀವ ಉಳಿಯಿತೋ ಇಲ್ಲವೋ, ಮಾನ ಹೋಯಿತು. ಹೊಸ ಅಧ್ಯಕ್ಷರು ಕಳ್ಳನ ಹಾಗೆ ರಾಜಧಾನಿಗೆ ನುಸುಳಿದರು ಎಂದು ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದು ಹಂಗಿಸಿದವು. ಆಮೇಲೆ ಅವರು ಕಾವಲಿಗೆ ಸುಲಭವಾಗಿ ಒಪ್ಪಲೇ ಇಲ್ಲ.

1864ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಪೊಲೀಸ್ ಇಲಾಖೆ ನಾಲ್ವರನ್ನು ಅವರಿಗೆಂದೇ ನೇಮಿಸಿತು. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ ನಾಟಕ ಶಾಲೆಯಲ್ಲಿ ಪಾಳಿ ಜಾನ್ ಪಾರ್ಕರ್ ಎಂಬುವನದು. ಅಧ್ಯಕ್ಷರು ಕೂತಿದ್ದ ಬಾಕ್ಸ್‌ನ ಹೊರಗೆ ಅವನು ಕೂರಬೇಕಿತ್ತು, ಕೂತಿರಲಿಲ್ಲ. ಜಾನ್ ವಿಲ್ಕ್ಸ್ ಬೂತ್ ಬಾಗಿಲು ತಳ್ಳಿ ಒಳಗೆ ಹೋಗಿ, ಹಿಂದಿನಿಂದ ತಲೆಗೆ ಗುಂಡು ಹೊಡೆದ. ಹಾಗಂತ ಪಾರ್ಕರ್ ಅಲ್ಲೇ ಇದ್ದಿದ್ದರೂ ತಡೆಯುತ್ತಿದ್ದ ಎಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಬೂತ್ ಹೆಸರಾಂತ ನಟ, ಆ ನಾಟಕ ಶಾಲೆ ಅವನಿಗೆ ಮನೆಯಂಗಳ. ಅಂಥವನು ಬಂದರೆ ಯಾರಾದರೂ ಎದ್ದು ದಾರಿ ಬಿಡುವ ಕಾಲ ಅದು. ಪಾರ್ಕರ್ ಮೇಲೆ ಕರ್ತವ್ಯಲೋಪದ ದೂರು ದಾಖಲಾಗಿ ಬಿದ್ದೂ ಹೋಯಿತು. ಇನ್ನೂ ಮೂರು ವರ್ಷ ಅವನು ಪೊಲೀಸನಾಗಿಯೇ ಇದ್ದ.

ಇಂದು ಅಧ್ಯಕ್ಷರನ್ನು ಕಾಯುವ ಪಡೆಯಾದ ಸೀಕ್ರೆಟ್ ಸರ್ವಿಸ್ ಆ ಹತ್ಯೆಯಿಂದಲೇ ಹುಟ್ಟಿತಂತೆ, ನಿಜವೇ?

ಅಲ್ಲ. ಅದು ಶುರುವಾದದ್ದು 1865ರ ಜುಲೈ 5ರಂದು, ಲಿಂಕನ್ ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ ಎಂಬುದು ದಿಟ. ಆದರೆ ಹುಟ್ಟಿದ್ದು ಖೋಟಾ ನೋಟಿನವರನ್ನು ಹಿಡಿಯಲಿಕ್ಕೆ. ಅಂತರ್ಯುದ್ಧದ ಕಾಲದಲ್ಲಿ ಖೋಟಾ ನೋಟು ಎಷ್ಟು ಹೆಚ್ಚಿತ್ತೆಂದರೆ ಅಂಗಡಿಯವನಿಗೆ ಅಸಲಿ ಯಾವುದು ನಕಲಿ ಯಾವುದು ತಿಳಿಯುತ್ತಿರಲಿಲ್ಲ. ಹಾಗಾಗಿ ಈ ಪಡೆಯನ್ನು ಖಜಾನೆ ಇಲಾಖೆಯ ಕೆಳಗೆ ಇಟ್ಟರು. 2003ರವರೆಗೂ ಅದು ಅಲ್ಲೇ ಇತ್ತು. ಆಮೇಲೆ ಹೊಸದಾಗಿ ರಚನೆಯಾಗಿದ್ದ ಆಂತರಿಕ ಭದ್ರತಾ ಇಲಾಖೆಗೆ ಸೇರಿಸಿದರು.

ಲಿಂಕನ್‌ಗೂ ಈ ಪಡೆಗೂ ಒಂದು ವಿಚಿತ್ರ ನಂಟಿದೆ. 1876ರಲ್ಲಿ ಖೋಟಾ ನೋಟಿನ ಗುಂಪೊಂದು ಸ್ಪ್ರಿಂಗ್‌ಫೀಲ್ಡ್‌ನ ಸಮಾಧಿಯಿಂದ ಲಿಂಕನ್ ದೇಹವನ್ನೇ ಕದಿಯಲು ಹೊರಟಿತು. ಜೈಲಿನಲ್ಲಿದ್ದ ತಮ್ಮ ಅಚ್ಚು ಕೆತ್ತುವ ಕಸುಬುದಾರನನ್ನು ಬಿಡಿಸಿಕೊಳ್ಳಲು ದೇಹವನ್ನು ಒತ್ತೆ ಇಡುವ ಹಂಚಿಕೆ. ಗುಂಪಿನೊಳಗೆ ಮೊದಲೇ ಮಾಹಿತಿದಾರನನ್ನು ಸೇರಿಸಿದ್ದ ಸೀಕ್ರೆಟ್ ಸರ್ವಿಸ್ ಅದನ್ನು ಮುರಿಯಿತು. ಬದುಕಿದ್ದಾಗ ಕಾಯಲು ಇರದ ಪಡೆ ಸತ್ತ ಮೇಲೆ ಕಾಯಿತು ಅನ್ನಬೇಕು.

ಗಾರ್‌ಫೀಲ್ಡ್ ಹತ್ಯೆಯ ನಂತರವಾದರೂ ಎಚ್ಚೆತ್ತರೇ?

ಇಲ್ಲ. 1881ರ ಜುಲೈ 2ರಂದು ಗಾರ್‌ಫೀಲ್ಡ್ ವಾಷಿಂಗ್ಟನ್‌ನ ರೈಲು ನಿಲ್ದಾಣಕ್ಕೆ ಬಂದಾಗ ಜೊತೆಗೆ ಒಬ್ಬನೇ ಒಬ್ಬ ಕಾವಲಿನವನೂ ಇರಲಿಲ್ಲ. ಸರ್ಕಾರಿ ಹುದ್ದೆ ಸಿಗಲಿಲ್ಲ ಎಂದು ಕುದಿಯುತ್ತಿದ್ದ ಚಾರ್ಲ್ಸ್ ಗಿಟೊ ಹಿಂದಿನಿಂದ ಎರಡು ಗುಂಡು ಹಾರಿಸಿದ. ಗಾರ್‌ಫೀಲ್ಡ್ ಕೂಡಲೇ ಸಾಯಲಿಲ್ಲ. ತೊಳೆಯದ ಕೈಯಲ್ಲಿ ವೈದ್ಯರು ಗಾಯವನ್ನು ಮತ್ತೆ ಮತ್ತೆ ಕೆದಕಿದರು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಂದು ಲೋಹ ಪತ್ತೆ ಯಂತ್ರದಿಂದ ಗುಂಡು ಹುಡುಕಿದರೂ ಸಿಗಲಿಲ್ಲ. ಕೀವು ತುಂಬಿ, ಸೆಪ್ಟೆಂಬರ್ 19ರಂದು ಪ್ರಾಣ ಹೋಯಿತು.

ಸಂಸತ್ತು ಇದರಿಂದ ಕಲಿತ ಪಾಠ ಬೇರೆ. ಗೆದ್ದ ಪಕ್ಷ ತನ್ನವರಿಗೆ ಹುದ್ದೆ ಹಂಚುವ ಪದ್ಧತಿಯೇ ಈ ಕೊಲೆಗೆ ಮೂಲ ಎಂದು ಬಗೆದು, 1883ರಲ್ಲಿ ಪೆಂಡಲ್ಟನ್ ಕಾಯ್ದೆ ತಂದು ಹಲವು ಹುದ್ದೆಗಳಿಗೆ ಪರೀಕ್ಷೆ ಇಟ್ಟರು. ಒಳ್ಳೆಯ ಕಾನೂನೇ. ಆದರೆ ಅಧ್ಯಕ್ಷರ ಬೆನ್ನಿಗೆ ಯಾರೂ ಬಂದು ನಿಲ್ಲಲಿಲ್ಲ. ಸ್ವತಃ ಗಾರ್‌ಫೀಲ್ಡ್ ಹಿಂದಿನ ವರ್ಷವೇ ಒಂದು ಪತ್ರದಲ್ಲಿ ಬರೆದಿದ್ದರು: ಕೊಲೆ ಎಂಬುದು ಸಿಡಿಲಿದ್ದಂತೆ, ಅದರಿಂದ ಕಾಪಾಡಿಕೊಳ್ಳಲು ಆಗದು, ಚಿಂತಿಸಿ ಫಲವಿಲ್ಲ ಎಂಬ ಅರ್ಥದಲ್ಲಿ.

ಇಷ್ಟೊಂದು ಹಿಂಜರಿಕೆ ಏಕೆ?

ರಾಜನನ್ನು ಒಲ್ಲೆನೆಂದು ಹುಟ್ಟಿದ ದೇಶ ಅದು. ಸುತ್ತ ಕತ್ತಿ ಹಿಡಿದವರನ್ನು ನಿಲ್ಲಿಸಿಕೊಳ್ಳುವುದು ಯುರೋಪಿನ ದೊರೆಗಳ ಚಾಳಿ, ಪ್ರಜೆಗಳೇ ಆರಿಸಿದವನಿಗೆ ಪ್ರಜೆಗಳಿಂದ ಕಾವಲೇಕೆ ಎಂಬ ಭಾವನೆ ಆಳವಾಗಿತ್ತು. ಹೊಸ ವರ್ಷದ ದಿನ ಶ್ವೇತಭವನದ ಬಾಗಿಲು ತೆರೆದಿರುತ್ತಿತ್ತು. ಸಾಲಿನಲ್ಲಿ ನಿಂತ ಯಾರು ಬೇಕಾದರೂ ಒಳಗೆ ಹೋಗಿ ಅಧ್ಯಕ್ಷರ ಕೈ ಕುಲುಕಿ ಬರಬಹುದಿತ್ತು. ಈ ಸಂಪ್ರದಾಯ ಕೊನೆಯಾದದ್ದು 1932ರಲ್ಲಿ, ಹರ್ಬರ್ಟ್ ಹೂವರ್ ಕಾಲದಲ್ಲಿ. ಅಂದರೆ ಮೂವರು ಅಧ್ಯಕ್ಷರು ಕೊಲೆಯಾದ ಮೇಲೂ ಮೂವತ್ತು ವರ್ಷ ನಡೆಯಿತು! ಕೈ ಕುಲುಕದ ನಾಯಕ ನಾಯಕನೇ ಅಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ. ಮೆಕಿನ್ಲಿಯ ಪ್ರಾಣ ತೆಗೆದದ್ದೂ ಇದೇ ನಂಬಿಕೆ.

ಮೆಕಿನ್ಲಿ ಜೊತೆ ಸೀಕ್ರೆಟ್ ಸರ್ವಿಸ್‌ನವರು ಇದ್ದರಲ್ಲವೇ? ಮತ್ತೆ ಹೇಗೆ ಆಯಿತು?

ಇದ್ದರು. ಖೋಟಾ ನೋಟು ಹಿಡಿಯುವ ಈ ಪಡೆ 1894ರಿಂದಲೇ, ಕಾನೂನಿನ ಅಧಿಕಾರವಿಲ್ಲದೆ, ಆಗೀಗ ಅಧ್ಯಕ್ಷರನ್ನೂ ಕಾಯುತ್ತಿತ್ತು. 1901ರ ಸೆಪ್ಟೆಂಬರ್ 6ರಂದು ಬಫಲೋ ನಗರದ ಪ್ಯಾನ್-ಅಮೆರಿಕನ್ ವಸ್ತುಪ್ರದರ್ಶನದಲ್ಲಿ ಮೆಕಿನ್ಲಿ ಹತ್ತು ನಿಮಿಷ ಜನರ ಕೈ ಕುಲುಕುವ ಕಾರ್ಯಕ್ರಮವಿತ್ತು. ಅವರ ಕಾರ್ಯದರ್ಶಿ ಜಾರ್ಜ್ ಕಾರ್ಟೆಲ್ಯೂ ಅದನ್ನು ಎರಡು ಸಲ ಪಟ್ಟಿಯಿಂದ ಹೊಡೆದು ಹಾಕಿದ್ದರು. ಎರಡು ಸಲವೂ ಮೆಕಿನ್ಲಿ ಮತ್ತೆ ಬರೆಸಿದರು.

ಅಂದು ಒಂದಲ್ಲ, ಹಲವು ಸಣ್ಣ ತಪ್ಪುಗಳು ಕೂಡಿಕೊಂಡವು. ಏಜೆಂಟ್ ಜಾರ್ಜ್ ಫಾಸ್ಟರ್ ಎಂದೂ ನಿಲ್ಲುವುದು ಅಧ್ಯಕ್ಷರ ಪಕ್ಕದಲ್ಲೇ. ಅಂದು ಆ ಜಾಗದಲ್ಲಿ ಪ್ರದರ್ಶನದ ಮುಖ್ಯಸ್ಥರು ನಿಂತರು, ಬಂದವರನ್ನು ಪರಿಚಯಿಸಲೆಂದು. ಫಾಸ್ಟರ್ ಎದುರಿಗೆ ಸರಿಯಬೇಕಾಯಿತು. ಸಾಲಿನಲ್ಲಿ ಬರುವವರ ಕೈ ಬರಿದಾಗಿ, ತೆರೆದು ಕಾಣಬೇಕೆಂಬ ನಿಯಮವಿತ್ತು. ಆದರೆ ಸೆಕೆಯ ದಿನ, ಎಲ್ಲರ ಕೈಯಲ್ಲೂ ಬೆವರು ಒರೆಸುವ ಕರವಸ್ತ್ರ. ನಿಯಮ ಸಡಿಲವಾಯಿತು. ಏಜೆಂಟರ ಕಣ್ಣು ಸಾಲಿನಲ್ಲಿದ್ದ ಒಬ್ಬ ಕಪ್ಪು ಮೀಸೆಯವನ ಮೇಲೆ ನೆಟ್ಟಿತ್ತು, ನೋಡಲು ಒರಟನ ಹಾಗಿದ್ದ ಎಂದು. ಅವನು ಸುಮ್ಮನೆ ಕೈ ಕುಲುಕಿ ಹೋದ. ಅವನ ಬೆನ್ನಿಗೇ ಬಂದ ಲಿಯಾನ್ ಚೋಲ್‌ಗೋಷ್ ಗಾಯಕ್ಕೆ ಪಟ್ಟಿ ಕಟ್ಟಿದಂತೆ ಬಲಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ. ಒಳಗೆ ರಿವಾಲ್ವರ್. ಎರಡು ಗುಂಡು ಹಾರಿದವು. ಮೂರನೆಯದು ಹಾರದಂತೆ ಅವನ ಮೇಲೆ ಬಿದ್ದವರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ ಜೇಮ್ಸ್ ಪಾರ್ಕರ್ ಎಂಬ ಕಪ್ಪು ವರ್ಣೀಯನೂ ಒಬ್ಬ. ಎಂಟು ದಿನಗಳ ನಂತರ ಮೆಕಿನ್ಲಿ ಗ್ಯಾಂಗ್ರಿನ್‌ನಿಂದ ತೀರಿಕೊಂಡರು.

ಮುಖ ನೋಡಿ ಅಪಾಯ ಅಳೆಯಬೇಡ, ಕೈ ನೋಡು ಎಂಬುದು ಇಂದು ಅಂಗರಕ್ಷಕರಿಗೆ ಕಲಿಸುವ ಮೊದಲ ಪಾಠ. ಬಫಲೋದಲ್ಲಿ ನಡೆದದ್ದು ಇದರ ತಿರುಗುಮುರುಗು.

ಆಮೇಲೆ ಕೂಡಲೇ ಕಾನೂನು ಬಂತೇ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮೂರು ಸಲ ಸೂರೆ ಹೋದ ಮೇಲೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. 1902ರಲ್ಲಿ ಅಧ್ಯಕ್ಷರನ್ನು ಸೈನ್ಯ ಕಾಯಲಿ ಎಂದು ಸೆನೆಟ್, ಸೈನ್ಯ ಬೇಡವೇ ಬೇಡ ಎಂದು ಕೆಳಮನೆ. ಜಗಳದಲ್ಲಿ ಮಸೂದೆ ಸತ್ತಿತು. ಕಾನೂನಿಗೆ ಕಾಯದೆ ಸೀಕ್ರೆಟ್ ಸರ್ವಿಸ್ ತಾನೇ ಪೂರ್ಣಾವಧಿ ಹೊಣೆ ಹೊತ್ತು ಶ್ವೇತಭವನಕ್ಕೆ ಇಬ್ಬರನ್ನು ಕಳಿಸಿತು. ಹೌದು, ಇಬ್ಬರೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಥಿಯೋಡರ್ ರೂಸ್‌ವೆಲ್ಟರ ಸಾರೋಟಿಗೆ ಟ್ರಾಮ್ ಬಡಿದು ಏಜೆಂಟ್ ವಿಲಿಯಂ ಕ್ರೇಗ್ ಸತ್ತ. ಅಧ್ಯಕ್ಷರನ್ನು ಕಾಯುತ್ತ ಸತ್ತ ಮೊದಲ ಏಜೆಂಟ್ ಅವನು, ಅದೂ ಗುಂಡಿನಿಂದಲ್ಲ.

ಈ ಕೆಲಸಕ್ಕೆಂದು ದುಡ್ಡು ಮಂಜೂರಾದದ್ದು 1906ರಲ್ಲಿ. ಅಧ್ಯಕ್ಷರಿಗೆ ಬೆದರಿಕೆ ಹಾಕುವುದು ಅಪರಾಧವಾದದ್ದು 1917ರಲ್ಲಿ. ಆದರೂ ಕಾಯುವ ಅಧಿಕಾರ ಮಾತ್ರ ವರ್ಷವರ್ಷವೂ ಬಜೆಟ್‌ನ ಒಂದು ಸಾಲಿನಲ್ಲಿ ನವೀಕರಣವಾಗುತ್ತಿತ್ತು. ಅದನ್ನು ಕಾಯಂ ಮಾಡಿಸಿದ್ದು ಇನ್ನೊಂದು ಗುಂಡಿನ ಕಾಳಗ. 1950ರ ನವೆಂಬರ್ 1ರಂದು, ಶ್ವೇತಭವನದ ದುರಸ್ತಿ ನಡೆಯುತ್ತಿದ್ದಾಗ ಎದುರಿನ ಬ್ಲೇರ್ ಹೌಸ್‌ನಲ್ಲಿ ವಾಸವಿದ್ದ ಹ್ಯಾರಿ ಟ್ರೂಮನ್‌ರನ್ನು ಕೊಲ್ಲಲು ಇಬ್ಬರು ಪೋರ್ಟೊ ರಿಕೊ ರಾಷ್ಟ್ರವಾದಿಗಳು ಬಂದರು. ಲೆಸ್ಲಿ ಕಾಫೆಲ್ಟ್ ಎಂಬ ಪೊಲೀಸ್ ಮೂರು ಗುಂಡು ತಿಂದೂ ಒಬ್ಬನನ್ನು ಹೊಡೆದು ಉರುಳಿಸಿ, ತಾನೂ ಸತ್ತ. ಮರುವರ್ಷ, 1951ರಲ್ಲಿ, ಕಾಯಂ ಕಾನೂನು ಬಂತು. ಮೆಕಿನ್ಲಿ ಸತ್ತು ಅಷ್ಟರಲ್ಲಿ ಅರ್ಧ ಶತಮಾನವಾಗಿತ್ತು.

ಕೆನಡಿ ತೆರೆದ ಕಾರಿನಲ್ಲಿ ಹೋದದ್ದೇ ತಪ್ಪಾಯಿತೇ?

ಕಣ್ಣಿಗೆ ಕಾಣುವ ತಪ್ಪು ಅದು. ಅದಕ್ಕಿಂತ ದೊಡ್ಡವು ಬೇರೆ ಇದ್ದವು.

ಮೊದಲು ಕಾರಿನ ಮಾತು. ಆ ಲಿಂಕನ್ ಕಾಂಟಿನೆಂಟಲ್‌ಗೆ ಬಿಚ್ಚಿ ಹಾಕಬಹುದಾದ ಪಾರದರ್ಶಕ ಮುಚ್ಚಳವಿತ್ತು. ಅದು ಮಳೆಗೆ, ಗುಂಡಿಗಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಬೆಳಗಿನ ಮೋಡ ಸರಿದು ಬಿಸಿಲು ಬಂತು, ಮುಚ್ಚಳ ತೆಗೆದರು. ಹಾಕಿದ್ದರೂ ಗುಂಡು ತಡೆಯುವಂಥದ್ದಲ್ಲ. ಕಾರಿನ ಹಿಂದೆ ಏಜೆಂಟರು ನಿಲ್ಲಲು ಮೆಟ್ಟಿಲಿತ್ತು, ಆ ಗಳಿಗೆಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ಕಾರಿನಿಂದ ಹಾರಿ ಓಡಿ ಬಂದ ಕ್ಲಿಂಟ್ ಹಿಲ್ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇನ್ನು ಮೆರವಣಿಗೆ ಹೋಗುವ ದಾರಿ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ಆ ದಾರಿಯ ಕಟ್ಟಡಗಳನ್ನು ತಪಾಸಣೆ ಮಾಡುವ ಪದ್ಧತಿ ಆಗ ಸಾಮಾನ್ಯವಾಗಿ ಇರಲೇ ಇಲ್ಲ. ಲೀ ಹಾರ್ವಿ ಆಸ್ವಾಲ್ಡ್ ಪುಸ್ತಕ ಗೋದಾಮಿನ ಆರನೆಯ ಅಂತಸ್ತಿನ ಕಿಟಕಿಯಲ್ಲಿ ನಿರಾತಂಕವಾಗಿ ಕೂತಿದ್ದ. ಸೋವಿಯತ್ ಒಕ್ಕೂಟಕ್ಕೆ ಹೋಗಿ ನೆಲೆಸಿ ವಾಪಸು ಬಂದಿದ್ದ ಈತನ ಬಗ್ಗೆ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ಬಳಿ ಕಡತವಿತ್ತು, ಡಲ್ಲಾಸ್‌ನಲ್ಲಿ ಕೆಲಸಕ್ಕಿರುವುದೂ ತಿಳಿದಿತ್ತು. ಸೀಕ್ರೆಟ್ ಸರ್ವಿಸ್‌ಗೆ ಯಾರೂ ಹೇಳಲಿಲ್ಲ, ಏಕೆಂದರೆ ನೇರ ಬೆದರಿಕೆ ಹಾಕಿದವರ ಹೆಸರನ್ನಷ್ಟೇ ದಾಟಿಸುವ ರೂಢಿ ಇತ್ತು. ಆಸ್ವಾಲ್ಡ್ ಬೆದರಿಕೆ ಹಾಕಿರಲಿಲ್ಲ.

ಕೆನಡಿ ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗದ ವರದಿ 1964ರ ಸೆಪ್ಟೆಂಬರ್‌ನಲ್ಲಿ ಬಂತು. ಅದು ಈ ಎರಡನ್ನೂ ಎತ್ತಿ ಆಡಿತು. ಹಿಂದಿನ ರಾತ್ರಿ ಒಂಬತ್ತು ಏಜೆಂಟರು ಹೊರಗೆ ಹೋಗಿದ್ದರು, ಕೆಲವರು ಕುಡಿದಿದ್ದರು ಎಂಬುದನ್ನೂ ಮುಚ್ಚಿಡಲಿಲ್ಲ. ಕೊಲೆಯ ಹಿಂದಿನ ಸಂಚಿನ ಕಥೆಗಳನ್ನು ಹುಡುಕುವವರು ಆ ವರದಿಯ ಎಂಟನೆಯ ಅಧ್ಯಾಯವನ್ನು ಓದುವುದೇ ಇಲ್ಲ. ನನಗೋ ಇಡೀ ವರದಿಯಲ್ಲಿ ಅದೇ ಮುಖ್ಯವೆನಿಸುತ್ತದೆ. ಆಗ ಇಡೀ ಪಡೆಯಲ್ಲಿ ಏಜೆಂಟರಿದ್ದದ್ದು ಸುಮಾರು 350. ಇಂದು ಎಲ್ಲ ದರ್ಜೆಯ ಸಿಬ್ಬಂದಿ ಸೇರಿ ಸುಮಾರು 8,000.

ಅಧ್ಯಕ್ಷರನ್ನು ಕೊಲ್ಲುವುದು ಆಗ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲವಂತೆ?

ಆಗಿರಲಿಲ್ಲ. ಬೆದರಿಕೆ ಹಾಕಿದರೆ ಕೇಂದ್ರದ ಕೇಸು, ಕೊಂದರೆ ಟೆಕ್ಸಾಸ್ ರಾಜ್ಯದ ಮಾಮೂಲಿ ಕೊಲೆ ಕೇಸು. ಇದರಿಂದ ಆದ ಪರಿಣಾಮ ಸಣ್ಣದಲ್ಲ. ಮರಣೋತ್ತರ ಪರೀಕ್ಷೆ ಇಲ್ಲೇ ಆಗಬೇಕು ಎಂದು ಸ್ಥಳೀಯ ಅಧಿಕಾರಿಗಳು ಅಡ್ಡ ನಿಂತರು, ಏಜೆಂಟರು ಶವಪೆಟ್ಟಿಗೆಯನ್ನು ಬಲವಂತವಾಗಿಯೇ ವಿಮಾನಕ್ಕೆ ಒಯ್ದರು. ಆಸ್ವಾಲ್ಡ್ ಡಲ್ಲಾಸ್ ಪೊಲೀಸರ ಕೈಯಲ್ಲೇ ಉಳಿದ. ಎರಡು ದಿನದ ಮೇಲೆ ಅವರ ಠಾಣೆಯ ನೆಲಮಾಳಿಗೆಯಲ್ಲಿ, ಟಿ.ವಿ. ಕ್ಯಾಮೆರಾಗಳ ಮುಂದೆಯೇ, ಜ್ಯಾಕ್ ರೂಬಿ ಅವನನ್ನು ಕೊಂದ. 1965ರ ಆಗಸ್ಟ್‌ನಲ್ಲಿ ಕಾನೂನು ಬದಲಾಯಿತು.

ಕೆನಡಿ ಕೂತಿದ್ದ ಕಾರು ಏನಾಯಿತು?

ಗುಜರಿಗೆ ಹೋಗಲಿಲ್ಲ! ಕವಚ ತೊಡಿಸಿ, ಗುಂಡು ನಿರೋಧಕ ಗಾಜು ಕೂರಿಸಿ, ತೆಗೆಯಲಾಗದ ಚಾವಣಿ ಹಾಕಿ, ಕಪ್ಪು ಬಣ್ಣ ಬಳಿದು ಮತ್ತೆ ಬಳಸಿದರು. 1977ರವರೆಗೂ ಅದು ಸೇವೆಯಲ್ಲಿತ್ತು. ಈಗ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಚುನಾವಣೆಗೆ ನಿಂತವರಿಗೂ ರಕ್ಷಣೆ ಕೊಡಲು ಶುರುಮಾಡಿದ್ದು ಯಾವಾಗ?

1968ರ ಜೂನ್‌ನಲ್ಲಿ. ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿ ಲಾಸ್ ಏಂಜಲೀಸ್‌ನ ಹೋಟೆಲಿನ ಅಡುಗೆಮನೆ ಹಾದಿಯಲ್ಲಿ ಗುಂಡೇಟು ತಿಂದು ಮರುದಿನ ತೀರಿಕೊಂಡ ಬೆನ್ನಲ್ಲೇ. ಅದಕ್ಕೂ ಬಹಳ ಹಿಂದೆ, 1912ರಲ್ಲಿ, ಮತ್ತೆ ಅಧ್ಯಕ್ಷರಾಗಲು ನಿಂತಿದ್ದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಮಿಲ್ವಾಕಿಯಲ್ಲಿ ಗುಂಡು ಬಿದ್ದಿತ್ತು. ಜೇಬಿನಲ್ಲಿ ಮಡಿಸಿಟ್ಟ 50 ಪುಟದ ಭಾಷಣ ಮತ್ತು ಕನ್ನಡಕದ ಡಬ್ಬಿ ಅವರನ್ನು ಉಳಿಸಿದವು. ಎದೆಯಲ್ಲಿ ಗುಂಡು ಇಟ್ಟುಕೊಂಡೇ ಒಂದು ಗಂಟೆಗೂ ಹೆಚ್ಚು ಮಾತಾಡಿದರು. ಉಳಿದುಕೊಂಡರಲ್ಲ, ಹಾಗಾಗಿ ಯಾರೂ ಕಾನೂನು ಬದಲಿಸಲಿಲ್ಲ.

ರೇಗನ್ ಮೇಲಿನ ದಾಳಿಯಿಂದ ಏನು ಬದಲಾಯಿತು?

ಬಹಳ. 1981ರ ಮಾರ್ಚ್ 30ರಂದು ವಾಷಿಂಗ್ಟನ್‌ನ ಹಿಲ್ಟನ್ ಹೋಟೆಲಿನಿಂದ ಆಗಿನ ಅಧ್ಯಕ್ಷ ರೇಗನ್ ಹೊರಬಂದರು. ಬಾಗಿಲಿನಿಂದ ಕಾರಿಗೆ ಇದ್ದದ್ದು ಕೆಲವೇ ಹೆಜ್ಜೆ. ಹಗ್ಗದಾಚೆ ಪತ್ರಕರ್ತರ ನಡುವೆ ಜಾನ್ ಹಿಂಕ್ಲಿ ನಿಂತಿದ್ದ, ಅವನನ್ನು ಯಾರೂ ತಪಾಸಣೆ ಮಾಡಿರಲಿಲ್ಲ. ಎರಡು ಸೆಕೆಂಡಿನೊಳಗೆ ಆರು ಗುಂಡು ಹಾರಿದವು. ಏಜೆಂಟ್ ಟಿಮ್ ಮೆಕಾರ್ಥಿ ಓಡಿ ಅವಿತುಕೊಳ್ಳುವ ಬದಲು ಕೈಕಾಲು ಅಗಲಿಸಿ ಅಡ್ಡ ನಿಂತು ಹೊಟ್ಟೆಗೆ ಗುಂಡು ತಿಂದರು. ಅದು ಹುಟ್ಟುಗುಣವಲ್ಲ, ಡಲ್ಲಾಸ್ ನಂತರದ ತರಬೇತಿ. ಜೆರಿ ಪಾರ್ ರೇಗನ್‌ರನ್ನು ಕಾರಿನೊಳಗೆ ನೂಕಿದರು. ವಿಪರ್ಯಾಸವೆಂದರೆ ರೇಗನ್‌ಗೆ ತಗುಲಿದ ಗುಂಡು ಆ ಕವಚದ ಕಾರಿಗೇ ಬಡಿದು ಚಿಮ್ಮಿದ್ದು. ಮೊದಲು ಶ್ವೇತಭವನಕ್ಕೆ ಹೊರಟಿದ್ದ ಕಾರನ್ನು, ರೇಗನ್ ಬಾಯಲ್ಲಿ ನೊರೆನೊರೆ ರಕ್ತ ಕಂಡೊಡನೆ ಪಾರ್ ಆಸ್ಪತ್ರೆಗೆ ತಿರುಗಿಸಿದರು. ಆ ಒಂದು ತಿರುವು ಜೀವ ಉಳಿಸಿತು. ಪಾರ್ ಚಿಕ್ಕವನಿದ್ದಾಗ ಸೀಕ್ರೆಟ್ ಸರ್ವಿಸ್ ಸೇರುವ ಆಸೆ ಹುಟ್ಟಿಸಿದ್ದು ಒಂದು ಸಿನಿಮಾ, ಅದರ ನಾಯಕನಟ ಇದೇ ರೊನಾಲ್ಡ್ ರೇಗನ್!

ಆಮೇಲೆ ಅಧ್ಯಕ್ಷರ ಹತ್ತಿರ ಬರುವ ಪ್ರತಿಯೊಬ್ಬರೂ ಮೆಟಲ್ ಡಿಟೆಕ್ಟರ್ ದಾಟುವುದು ಕಡ್ಡಾಯವಾಯಿತು. ಕಾರು ಹತ್ತುವ ಇಳಿಯುವ ಜಾಗಕ್ಕೆ ಟೆಂಟ್, ಗೋಡೆ ಬಂದವು. ಹಿಲ್ಟನ್ ಹೋಟೆಲ್ ಸುತ್ತಲೂ ಮುಚ್ಚಿದ ಕಾರಿನ ದಾರಿಯನ್ನೇ ಕಟ್ಟಿಸಿತು. ಲಿಂಕನ್‌ನಿಂದ ರೇಗನ್‌ವರೆಗೆ ಹೆಚ್ಚಿನವರು ಹತ್ತಿರ ಬಂದೇ ಹೊಡೆದಿದ್ದರು. ಆ ದಾರಿ ಬಹುಮಟ್ಟಿಗೆ ಮುಚ್ಚಿತು.

ಹಾಗಾದರೆ 2024ರಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದ್ದು ಹೇಗೆ?

ಕೆನಡಿಯನ್ನು ಕೊಂದ ದಾರಿಯಲ್ಲಿ: ದೂರದಿಂದ, ಎತ್ತರದಿಂದ. ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಹಂತಕ ಮಲಗಿದ್ದ ಚಾವಣಿ ವೇದಿಕೆಯಿಂದ 150 ಮೀಟರ್‌ಗೂ ಹತ್ತಿರವಿತ್ತು. ಆದರೆ ಅದು ಭದ್ರತಾ ಸುತ್ತಿನ ಹೊರಗೆ, ಸ್ಥಳೀಯ ಪೊಲೀಸರ ಪಾಲಿಗೆ. ಅನುಮಾನಾಸ್ಪದ ವ್ಯಕ್ತಿಯೊಬ್ಬ ಓಡಾಡುತ್ತಿದ್ದಾನೆಂದು ಸ್ಥಳೀಯರಿಗೆ ಬಹಳ ಮೊದಲೇ ಗೊತ್ತಾಗಿತ್ತು. ಅವರ ವೈರ್‌ಲೆಸ್ ಬೇರೆ, ಸೀಕ್ರೆಟ್ ಸರ್ವಿಸ್‌ನದು ಬೇರೆ. ಮಾತು ವೇದಿಕೆಯ ಬಳಿಯಿದ್ದವರಿಗೆ ಸಮಯಕ್ಕೆ ತಲುಪಲಿಲ್ಲ. ಟ್ರಂಪ್ ಕಿವಿಗೆ ಗಾಯವಾಯಿತು, ಸಭಿಕರಲ್ಲಿ ಒಬ್ಬರು ಸತ್ತರು, ಹಂತಕನನ್ನು ಸ್ನೈಪರ್ ಹೊಡೆದುರುಳಿಸಿದ. ಹತ್ತೇ ದಿನದಲ್ಲಿ ಸೀಕ್ರೆಟ್ ಸರ್ವಿಸ್ ನಿರ್ದೇಶಕಿ ಕಿಂಬರ್ಲಿ ಚೀಟಲ್ ರಾಜೀನಾಮೆ ಕೊಟ್ಟರು.

ವಾರನ್ ಆಯೋಗ ಹೇಳಿದ್ದ ಎರಡು ಮಾತನ್ನು ಇಲ್ಲಿ ಹಾಗೇ ಎತ್ತಿಟ್ಟು ನೋಡಬಹುದು: ಎತ್ತರದ ಜಾಗವನ್ನು ನೋಡಿಕೊಳ್ಳುವವರಿಲ್ಲ, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೆಳಮನೆಯ ಕಾರ್ಯಪಡೆ ಅದೇ ಡಿಸೆಂಬರ್‌ನ ವರದಿಯಲ್ಲಿ ಇದು ತಡೆಯಬಹುದಾಗಿದ್ದ ದಾಳಿ ಎಂದಿತು. ಬಯಲು ಸಭೆಗಳಲ್ಲಿ ಟ್ರಂಪ್ ಸುತ್ತ ಗುಂಡು ನಿರೋಧಕ ಗಾಜು ಬಂದದ್ದು ಈ ಘಟನೆಯ ನಂತರ.

ಅಧ್ಯಕ್ಷರು ನನಗೆ ಭದ್ರತೆ ಬೇಡ ಎನ್ನಬಹುದೇ?

ಅಧಿಕಾರದಲ್ಲಿರುವ ಅಧ್ಯಕ್ಷರು, ಉಪಾಧ್ಯಕ್ಷರು, ಆಯ್ಕೆಯಾಗಿ ಇನ್ನೂ ಪ್ರಮಾಣವಚನ ಸ್ವೀಕರಿಸದವರು ಹಾಗೆನ್ನಲು ಕಾನೂನು ಬಿಡುವುದಿಲ್ಲ. ಉಳಿದವರು ಬೇಡವೆನ್ನಬಹುದು. ಮಾಜಿ ಅಧ್ಯಕ್ಷರಿಗೆ 1965ರಿಂದ ಜೀವನಪರ್ಯಂತ ರಕ್ಷಣೆ ಇತ್ತು. ಆಮೇಲೆ ಹೊಸಬರಿಗೆ ಹತ್ತೇ ವರ್ಷ ಸಾಕು ಎಂದು ಇಳಿಸಿದರು. 2013ರ ಜನವರಿಯಲ್ಲಿ ಒಬಾಮಾ ಸಹಿ ಹಾಕಿ ಮತ್ತೆ ಜೀವನಪರ್ಯಂತ ಮಾಡಿದರು. ಬೇಡವೆಂದ ಮಾಜಿ ಅಧ್ಯಕ್ಷರೆಂದರೆ ರಿಚರ್ಡ್ ನಿಕ್ಸನ್. 1985ರಲ್ಲಿ ಸರ್ಕಾರಿ ಅಂಗರಕ್ಷಕರನ್ನು ವಾಪಸು ಕಳಿಸಿ, ಕೈಯಿಂದ ಸಂಬಳ ಕೊಟ್ಟು ತಮ್ಮದೇ ಕಾವಲಿನವರನ್ನು ಇಟ್ಟುಕೊಂಡರು.